ಆತಕೂರಿನ ಕಲ್ಲು ಹೇಳುವ ನಂಟಿನ ಕಥೆ

ಟೊರಾಂಟೊ ಸುತ್ತಮುತ್ತ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ರಾಯಲ್ ಒಂಟಾರಿಯೊ ಮ್ಯೂಸಿಯಂ ಚಿರಪರಿಚಿತ. ಅಲ್ಲಿನ ಡೈನೊಸಾರ್ ಎಲುಬುಗಳನ್ನೂ ಈಜಿಪ್ಟಿನ ಮಮ್ಮಿಗಳನ್ನೂ ಕಂಡು ಬಂದವರು "ನಮ್ಮ ರಾಜರು ಯಾರು?" ಎಂದು ಕೇಳಿದರೆ, ನಾವು ಕೃಷ್ಣದೇವರಾಯನ ಹೆಸರು ಹೇಳಿ ಸುಮ್ಮನಾಗುತ್ತೇವೆ. ಅಂಥ ಮಕ್ಕಳಿಗಾಗಿ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದ ಒಂದು ಕಲ್ಲಿನ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಶಾಸನ ಶಕ ವರ್ಷ 872ರದು, ಅಂದರೆ ಕ್ರಿ.ಶ. 949-50ರ ಸುಮಾರಿನದು. ಇದು ಮಾನ್ಯಖೇಟದ ರಾಷ್ಟ್ರಕೂಟರಿಗೂ ತಲಕಾಡಿನ ಗಂಗರಿಗೂ ಇದ್ದ ಸಂಬಂಧದ ಸಾಕ್ಷಿ.

ಈ ಸಂಬಂಧ ಆರಂಭವಾದದ್ದು ಹಗೆತನದಿಂದ. ರಾಷ್ಟ್ರಕೂಟ ಧ್ರುವನು ಗಂಗ ದೊರೆ ಇಮ್ಮಡಿ ಶಿವಮಾರನನ್ನು ಸೆರೆಯಲ್ಲಿಟ್ಟಿದ್ದನು. ಮುಂದೆ ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ತನ್ನ ಮಗಳು ಚಂದ್ರೊಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಮದುವೆ ಮಾಡಿದನು. ಕತ್ತಿಯಿಂದ ಆಗದ ಕೆಲಸ ಮದುವೆಯ ಹಂದರದಲ್ಲಿ ಆಯಿತು. ಹತ್ತನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣನ ಅಕ್ಕ ರೇವಕನಿಮ್ಮಡಿ ಇಮ್ಮಡಿ ಬೂತುಗನ ರಾಣಿಯಾದಳು. ಬೂತುಗನು ರಾಚಮಲ್ಲನನ್ನು ಕೊಂದು ಗಂಗವಾಡಿಯ ಪಟ್ಟವೇರಿದನೆಂಬುದನ್ನು ಶಾಸನ ಮುಚ್ಚಿಡುವುದಿಲ್ಲ.

ಕ್ರಿ.ಶ. 949ರಲ್ಲಿ ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ಕೃಷ್ಣನಿಗೂ ಚೋಳರಿಗೂ ಘೋರ ಯುದ್ಧವಾಯಿತು. ಚೋಳ ಯುವರಾಜ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು; ಅವನನ್ನು ಕೊಂದವನು ಬೂತುಗನೆಂದು ಶಾಸನ ಹೇಳುತ್ತದೆ. ಮೆಚ್ಚಿದ ಕೃಷ್ಣನು ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಭಾವನಿಗೆ ಕೊಟ್ಟನು. ಹೀಗೆ ಕಾವೇರಿ ತೀರದ ಅರಸನು ಇಂದಿನ ಗದಗ, ಪಟ್ಟದಕಲ್ಲು ಸೀಮೆಗೂ ಒಡೆಯನಾದನು.

ಆದರೆ ಕಲ್ಲಿನ ಮೇಲೆ ಕೆತ್ತಿರುವುದು ಅರಸರ ಚಿತ್ರವಲ್ಲ. ಹಂದಿಯೊಡನೆ ಹೋರಾಡುತ್ತಿರುವ ಒಂದು ನಾಯಿಯದು! ಬೂತುಗನ ಸೇವಕ ಮಣಲೆರನು ಯುದ್ಧದಲ್ಲಿ ಪರಾಕ್ರಮ ತೋರಿದಾಗ ಒಡೆಯನು "ಏನು ಬೇಕು, ಬೇಡು" ಎಂದನು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಕಾದಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೆರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟನು. ಗುಡಿಯ ಗೊರವನು ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟುವುದೆಂದೂ ಬರೆಸಿದನು.

ಮದುವೆಯಿಂದ ಬೆಳೆದ ಈ ನಂಟು ಕಷ್ಟಕಾಲದಲ್ಲೂ ಉಳಿಯಿತು. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರನ್ನು ಉರುಳಿಸಿದಾಗ, ಬೂತುಗನ ಮಗ ಮಾರಸಿಂಹನು ಕೃಷ್ಣನ ಮೊಮ್ಮಗ ನಾಲ್ಕನೆಯ ಇಂದ್ರನಿಗೆ ಪಟ್ಟ ಕಟ್ಟಲು ಶ್ರಮಿಸಿದನು. ಅದು ಕೈಗೂಡಲಿಲ್ಲ. ಮಾರಸಿಂಹನು ಬಂಕಾಪುರದಲ್ಲಿ, ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು. ಉತ್ತರದ ಮನೆತನದ ಕೊನೆಯ ಕುಡಿ ಕಣ್ಣು ಮುಚ್ಚಿದ್ದು ಗಂಗರ ನೆಲದಲ್ಲಿ.

ನಮ್ಮ ಕೂಟಗಳಲ್ಲಿ ಧಾರವಾಡದವರೂ ಮೈಸೂರಿನವರೂ ಒಬ್ಬರ ಮಾತನ್ನು ಇನ್ನೊಬ್ಬರು ಆಡಿ ನಗುವುದುಂಟು. ನಗೋಣ, ತಪ್ಪೇನಿಲ್ಲ. ಆದರೆ ಸಾವಿರ ವರ್ಷಗಳ ಹಿಂದೆಯೇ ಈ ಎರಡು ಸೀಮೆಗಳು ಬೀಗರಾಗಿದ್ದವೆಂಬುದನ್ನು ಮಕ್ಕಳಿಗೆ ಹೇಳೋಣ. ಅರಸರ ಹೆಸರು ಅವರಿಗೆ ಮರೆತರೂ ಚಿಂತೆಯಿಲ್ಲ. ಕಾಳಿಯನ್ನು ಖಂಡಿತ ಮರೆಯಲಾರರು.