ಎಷ್ಟು ಲೀಟರಿನ ಎಂಜಿನ್? ಭಾರತದ ಭಾರಿ ಲಾರಿಯ ಎಪ್ಪತ್ತು ವರ್ಷ

ಇವತ್ತು ನಮ್ಮ ಹೆದ್ದಾರಿಯಲ್ಲಿ ಟ್ರೈಲರ್ ಲಾರಿ ಸರಕೂ ಸೇರಿ 55 ಟನ್ ತೂಗಬಹುದು. ಅದನ್ನು ಎಳೆಯುವ ಎಂಜಿನ್ ಬಹುಮಟ್ಟಿಗೆ ಐದರಿಂದ ಎಂಟು ಲೀಟರಿನದು. ಯುರೋಪಿನಲ್ಲಿ 40 ಟನ್ನಿನ ಲಾರಿಗೇ 11ರಿಂದ 13 ಲೀಟರಿನ ಎಂಜಿನ್ ಕೂರಿಸುತ್ತಾರೆ. ಇಷ್ಟು ಅಂತರ ಹೇಗೆ ಬಂತೆಂದು ತಿಳಿಯಲು ಹಳೆಯ ಲಾರಿಗಳತ್ತ ಹೋಗಬೇಕು.

1954ರಲ್ಲಿ ಟಾಟಾ ಸಮೂಹದ ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಆರು ಸಿಲಿಂಡರಿನ ಆ ಎಂಜಿನ್ 4.6 ಲೀಟರಿನದು, ಶಕ್ತಿ ನೂರು ಅಶ್ವಶಕ್ತಿಯ ಆಸುಪಾಸು. ಮುಂದಿನ ವರ್ಷ ಮದರಾಸಿನ ಅಶೋಕ್ ಮೋಟರ್ಸ್, ಬ್ರಿಟನ್ನಿನ ಲೇಲ್ಯಾಂಡ್ ಜೊತೆಗೂಡಿ ಅಶೋಕ್ ಲೇಲ್ಯಾಂಡ್ ಆಯಿತು. ಅವರ ಕಾಮೆಟ್ ಲಾರಿಯ ಎಂಜಿನ್ 350 ಘನ ಅಂಗುಲದ್ದು, ಅಂದರೆ ಸುಮಾರು 5.7 ಲೀಟರ್. ಟಾಟಾ ಎಂಜಿನ್ನಿನ ಹೆಸರಲ್ಲೇ ಅಳತೆ ಅಡಗಿತ್ತು. 692 ಎಂದರೆ ಆರು ಸಿಲಿಂಡರ್, 92 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ). 697 ಎಂದರೆ ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್. ಮೊದಲನೆಯದು 4.8 ಲೀಟರ್, ಎರಡನೆಯದು 5.7 ಲೀಟರ್. ಇಂಥ ಎಂಜಿನ್ನಿಗೆ ಬರುತ್ತಿದ್ದ ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯ ಇಂಧನ ಪಂಪು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಪ್ರತಿ ಹೆದ್ದಾರಿ ಊರಿನಲ್ಲೂ ಸಿಗುತ್ತಿದ್ದ. ಈ ಅಳತೆ ದೇಶದಲ್ಲಿ ಬೇರೂರಲು ಅದೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ. ಕೆಟ್ಟು ನಿಂತ ಜಾಗದಲ್ಲೇ ರಿಪೇರಿಯಾಗುವ ಎಂಜಿನ್ ಮಾಲೀಕನಿಗೆ ಬೇಕಿತ್ತು.

ದೊಡ್ಡ ಎಂಜಿನ್ ಇರಲೇ ಇಲ್ಲವೆಂದಲ್ಲ. ಅಶೋಕ್ ಲೇಲ್ಯಾಂಡಿನ ಬೀವರ್, ಹಿಪ್ಪೊ ಗಾಡಿಗಳಿಗೆ 680 ಘನ ಅಂಗುಲದ, ಅಂದರೆ 11 ಲೀಟರಿನ ಎಂಜಿನ್ ಬರುತ್ತಿತ್ತು. ಸಾಮಾನ್ಯ ಸಾಗಣೆದಾರ ಅದರ ತಂಟೆಗೆ ಹೋಗಲಿಲ್ಲ. ಎಂಜಿನ್ನಿನದೇ ತೂಕ ಹೆಚ್ಚು, ಡೀಸೆಲ್ ಖರ್ಚು ಹೆಚ್ಚು, ಅಂದಿನ ಒಂಟಿ ರಸ್ತೆಯಲ್ಲಿ ವೇಗವಾಗಿ ಓಡಿಸಲು ಜಾಗವೂ ಇರಲಿಲ್ಲ.

ಆಮೇಲಿನ ಕಾಲ ಲೀಟರನ್ನು ಹಾಗೇ ಇಟ್ಟುಕೊಂಡು ಶಕ್ತಿ ಹಿಗ್ಗಿಸಿದ ಕಾಲ. ಮೊದಲು ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಬಂತು, ಅದರ ಹಿಂದೆ ಟರ್ಬೊದಿಂದ ಬಿಸಿಯಾದ ಗಾಳಿಯನ್ನು ತಣಿಸಿ ಒಳಗೆ ಕಳಿಸುವ ಇಂಟರ್‌ಕೂಲರ್, ಕೊನೆಗೆ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್. 1993ರಲ್ಲಿ ಹುಟ್ಟಿದ ಟಾಟಾ ಕಮಿನ್ಸ್ 5.9 ಲೀಟರಿನ ಬಿ ಸರಣಿಯನ್ನು ತಂದಿತು. ಅದೇ ವಂಶದ 6.7 ಲೀಟರಿನ ಎಂಜಿನ್ 55 ಟನ್ನಿನ ಟಾಟಾ ಸಿಗ್ನಾದಲ್ಲಿ 300 ಅಶ್ವಶಕ್ತಿ, 1,100 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಟರ್ಬೊ ಇಲ್ಲದ ಹಳೆಯ ಎಂಜಿನ್ ಒಂದು ಲೀಟರಿಗೆ ಇಪ್ಪತ್ತು ಚಿಲ್ಲರೆ ಅಶ್ವಶಕ್ತಿ ಕೊಡುತ್ತಿತ್ತು. ಇದು 45 ಕೊಡುತ್ತದೆ.

ಇದು ನಿಜವಾದ ಸಾಧನೆ. ಆದರೆ ಇದೇ ಅಂಕಿಯನ್ನು ತೂಕದ ಪಕ್ಕದಲ್ಲಿಟ್ಟರೆ ಚಿತ್ರ ಬದಲಾಗುತ್ತದೆ. ಹಳೆಯ ಟಾಟಾ 1612 ಎಂದರೆ 16 ಟನ್, 120 ಅಶ್ವಶಕ್ತಿ, ಟನ್ನಿಗೆ ಏಳೂವರೆ. 55 ಟನ್ನಿಗೆ 300 ಎಂದರೆ ಟನ್ನಿಗೆ ಐದೂವರೆ ಮಾತ್ರ. ಕಾಗದದ ಮೇಲಿನ ಲೆಕ್ಕದಲ್ಲಿ ಲಾರಿ ಮೊದಲಿಗಿಂತ ಸೊರಗಿದೆ. ಹಳೆಯ ಗಾಡಿಗಳು ಕಾಗದದ ಆ ತೂಕಕ್ಕಿಂತ ಹೆಚ್ಚು ಹೊರುತ್ತಿದ್ದವು ಎನ್ನುವುದೂ ಅಷ್ಟೇ ಸತ್ಯ. ಬಳ್ಳಾರಿಯಿಂದ ಬೇಲೆಕೇರಿ ಬಂದರಿಗೆ ಅದಿರು ಸಾಗಿಸಿದ ಲಾರಿಗಳ ಮಿತಿಮೀರಿದ ಲೋಡು ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯಲ್ಲೇ ದಾಖಲಾಗಿದೆ. 2005ರಲ್ಲಿ ಸುಪ್ರೀಂ ಕೋರ್ಟ್ ಓವರ್‌ಲೋಡಿಗೆ ಕಡಿವಾಣ ಹಾಕಿತು. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿಯನ್ನೇ ಏರಿಸಿತು: ನಾಲ್ಕು ಟೈರಿನ ಒಂಟಿ ಆಕ್ಸಲ್ 10.2ರಿಂದ 11.5 ಟನ್, ಟ್ರೈಲರಿನ ಒಟ್ಟು ತೂಕ 49ರಿಂದ 55 ಟನ್. ಕದ್ದು ಹೊರುತ್ತಿದ್ದ ಭಾರದ ಒಂದು ಪಾಲು ಸಕ್ರಮವಾಯಿತು.

ಹಾಗಾದರೆ 55 ಟನ್ನಿಗೆ 6.7 ಲೀಟರ್ ಸಾಕೇ? ಸಮತಟ್ಟು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗ ಕಾಯ್ದುಕೊಳ್ಳಲು ಟೈರಿನ ಉರುಳು, ಗಾಳಿಯ ತಡೆ, ಗೇರಿನ ನಷ್ಟ ಎಲ್ಲ ಸೇರಿ ಬೇಕಾಗುವುದು ಸುಮಾರು 125 ಅಶ್ವಶಕ್ತಿ. ಕಲಬುರಗಿಯ ಬಯಲಿನಿಂದ ಹೈದರಾಬಾದಿಗೆ ಸಿಮೆಂಟು ಒಯ್ಯುವವನಿಗೆ 300 ಧಾರಾಳ. ಅಲ್ಲಿ 13 ಲೀಟರಿನ ಎಂಜಿನ್ ಹಾಕಿದರೆ ಅದು ಅರೆಹೊಟ್ಟೆಯಲ್ಲಿ ಓಡುತ್ತಾ ಪ್ರತಿ ಕಿಲೋಮೀಟರಿಗೂ ಹೆಚ್ಚು ಡೀಸೆಲ್ ಕುಡಿಯುತ್ತದೆ. 2020ರ ಏಪ್ರಿಲ್‌ನಿಂದ ಜಾರಿಯಾದ, ಹೊಗೆ ಮಾಲಿನ್ಯ ತಡೆಯುವ ಬಿಎಸ್-6 ನಿಯಮ ಇನ್ನೊಂದು ಕಾರಣ ಸೇರಿಸಿದೆ. ಮಸಿ ಹಿಡಿಯುವ ಫಿಲ್ಟರಿಗೂ, ಯೂರಿಯಾ ದ್ರಾವಣ ಸಿಂಪಡಿಸಿ ಹೊಗೆ ಶುದ್ಧ ಮಾಡುವ ವ್ಯವಸ್ಥೆಗೂ ಬಿಸಿ ಹೊಗೆ ಬೇಕು. ದುಡಿಯದೆ ಓಡುವ ದೊಡ್ಡ ಎಂಜಿನ್ನಿನ ಹೊಗೆ ತಣ್ಣಗಿದ್ದು ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಘಾಟಿಯ ಲೆಕ್ಕ ಬೇರೆ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ 300 ಅಶ್ವಶಕ್ತಿಯ 55 ಟನ್ ಲಾರಿ ಗಂಟೆಗೆ 20 ಕಿ.ಮೀ. ಮುಟ್ಟುವುದೂ ಕಷ್ಟ. 420 ಅಶ್ವಶಕ್ತಿಯದು 27ರಲ್ಲಿ ಏರುತ್ತದೆ. ಹತ್ತು ಕಿಲೋಮೀಟರ್ ಏರಿನಲ್ಲಿ ಉಳಿಯುವುದು ಸುಮಾರು ಒಂಬತ್ತು ನಿಮಿಷ. ಅದಕ್ಕಾಗಿ ಹೆಚ್ಚಿನ ಕಂತು ಕಟ್ಟಲು ಮಾಲೀಕ ಒಪ್ಪದಿದ್ದರೆ ತಪ್ಪು ಹೇಳಲಾಗದು.

ಅವನು ಲೆಕ್ಕ ಹಾಕದೇ ಬಿಡುವುದು ಇಳಿಜಾರನ್ನು. ಅದೇ ರಸ್ತೆಯಲ್ಲಿ ಅದೇ ಲಾರಿ 20 ಕಿ.ಮೀ. ವೇಗದಲ್ಲಿ ಇಳಿಯುವಾಗ ಪ್ರತಿ ಕ್ಷಣವೂ ಸುಮಾರು 160 ಕಿಲೋವ್ಯಾಟ್ ಶಕ್ತಿಯನ್ನು ಎಲ್ಲಾದರೂ ಕರಗಿಸಬೇಕು. ಎಂಜಿನ್ ಹೀರದೆ ಬಿಟ್ಟದ್ದೆಲ್ಲ ಬ್ರೇಕ್ ಡ್ರಮ್ಮಿಗೆ ಹೋಗುತ್ತದೆ. ಡ್ರಮ್ ಕಾದು ಲೈನಿಂಗ್ ಹಿಡಿತ ಬಿಟ್ಟ ಮೇಲೆ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎಂಜಿನ್ ಎಷ್ಟು ಶಕ್ತಿ ಹೀರುತ್ತದೆ ಎನ್ನುವುದು ಅದರ ಲೀಟರಿನ ಮೇಲೆ, ಸುತ್ತಿನ ವೇಗದ ಮೇಲೆ ನಿಂತಿದೆ. ಎಳೆಯುವಾಗ ಲೀಟರಿನ ಕೊರತೆಯನ್ನು ಟರ್ಬೊ ಬಹುಮಟ್ಟಿಗೆ ತುಂಬಿಕೊಡುತ್ತದೆ. ತಡೆಯುವಾಗ ಅಷ್ಟು ತುಂಬಿಕೊಡಲಾರದು. ವೋಲ್ವೊದ 13 ಲೀಟರ್ ಎಂಜಿನ್ನಿನ ಬ್ರೇಕು 300 ಕಿಲೋವ್ಯಾಟ್ ಮೀರಿ ಹೀರಬಲ್ಲದು. ಹೊಗೆ ಕೊಳವೆ ಮುಚ್ಚುವ ಎಕ್ಸಾಸ್ಟ್ ಬ್ರೇಕ್ ಮಾತ್ರ ಇರುವ ಆರು ಲೀಟರಿನದು ಅದರ ಹತ್ತಿರಕ್ಕೂ ಬರುವುದಿಲ್ಲ.

1998ರಲ್ಲಿ ಹೊಸಕೋಟೆಯಲ್ಲಿ ವೋಲ್ವೊ ಕಾರ್ಖಾನೆ ತೆರೆದು 12 ಲೀಟರಿನ ಎಫ್‌ಎಚ್12 ತಂದಾಗ ಹೆದ್ದಾರಿ ಸಾಗಣೆದಾರರು ಬೆಲೆ ನೋಡಿ ಹಿಂದೆ ಸರಿದರು. ವೋಲ್ವೊದ ದೊಡ್ಡ ಎಂಜಿನ್ನನ್ನು ಅಪ್ಪಿಕೊಂಡದ್ದು ಗಣಿಗಳು. ತುಂಬಿದ ಲೋಡಿನಲ್ಲಿ ಇಡೀ ದಿನ ಹಳ್ಳದಿಂದ ಏರಿ ಇಳಿಯುವ ಕಡೆ ಲೀಟರಿನ ಬೆಲೆ ತಿಂಗಳಲ್ಲೇ ತಿಳಿಯುತ್ತದೆ. 2012ರಲ್ಲಿ ಬಂದ ಭಾರತ್‌ಬೆಂಜ್ 6.4 ಲೀಟರಿನ ಆಸುಪಾಸಿನಲ್ಲೇ ಹೆದ್ದಾರಿಗೆ ಇಳಿಯಿತು. ಪೀತಾಂಪುರದಲ್ಲಿ ವೋಲ್ವೊ-ಐಷರ್ ಜೋಡಿ ಐದು ಮತ್ತು ಎಂಟು ಲೀಟರಿನ ಎಂಜಿನ್‌ಗಳನ್ನು ತಯಾರಿಸತೊಡಗಿತು. ಟಾಟಾ ಪ್ರೈಮಾದಲ್ಲಿ 8.9 ಲೀಟರಿನ ಕಮಿನ್ಸ್ ಕೂಡ ಸಿಗುವಂತಾಯಿತು.

ನನ್ನ ದೃಷ್ಟಿಯಲ್ಲಿ ಬಯಲಿಗೆ ಆರು ಲೀಟರಿನ ವರ್ಗ ಸರಿಯಾದ ಆಯ್ಕೆ. ಘಾಟಿಯ ಮಾತು ಬೇರೆ. ಮಂಗಳೂರಿನ ಅನಿಲದ ಬುಲೆಟ್ ಟ್ಯಾಂಕರುಗಳು ಶಿರಾಡಿ ಘಾಟಿ ಹತ್ತುತ್ತವೆ, ಬಂದರಿಗೆ ಹೋಗುವ ಸರಕು ತುಂಬಿದ ಲೋಡಿನಲ್ಲೇ ಅದನ್ನು ಇಳಿಯುತ್ತದೆ. ಅಂಥ ದಾರಿಯಲ್ಲಿ ದಿನವೂ 55 ಟನ್ ಓಡಿಸುವವರು ಒಂಬತ್ತು ಲೀಟರಿಗಿಂತ ಕೆಳಗೆ ಇಳಿಯಬಾರದು. ಅಷ್ಟು ದೊಡ್ಡದು ಆಗದೆಂದರೆ ಗೇರ್‌ಬಾಕ್ಸಿಗೆ, ಬ್ರೇಕ್ ಡ್ರಮ್ಮಿನ ನೆರವಿಲ್ಲದೆ ವೇಗ ತಡೆಯುವ ರಿಟಾರ್ಡರ್ ಕೂರಿಸಿದ ಗಾಡಿಯನ್ನೇ ಕೇಳಬೇಕು. ಷೋರೂಮಿನಲ್ಲಿ ಅಶ್ವಶಕ್ತಿ, ಮೈಲೇಜು ವಿಚಾರಿಸುವಾಗಲೇ ಎಂಜಿನ್ ಬ್ರೇಕ್ ಎಷ್ಟು ಕಿಲೋವ್ಯಾಟಿನದು, ಎಷ್ಟು ಸುತ್ತಿನಲ್ಲಿ ಎಂದೂ ವಿಚಾರಿಸಿ, ಆ ಅಂಕಿಯನ್ನು ಬರೆಸಿಕೊಳ್ಳಬೇಕು.