ಕುಲುಮೆಯ ಪಕ್ಕದ ಕಿಂಡಿ

1794ರಲ್ಲಿ ಮುಂಬೈಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್, ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಉಕ್ಕಿನ ಕೆಲವು ಮಾದರಿಗಳನ್ನು ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅವುಗಳ ಮೇಲೆ ಪ್ರಬಂಧ ಬರೆದ. ಅದರಲ್ಲಿ ಆ ಉಕ್ಕಿನ ಹೆಸರು 'ವೂಟ್ಜ್'. ಇದು ನಮ್ಮ 'ಉಕ್ಕು' ಪದದಿಂದಲೇ ಬಂದದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಆ ಉಕ್ಕಿನ ಬಗ್ಗೆ ಪುಸ್ತಕಗಳೇ ಬಂದಿವೆ. ಕಬ್ಬಿಣವನ್ನು ಕುಡುಗೋಲು, ಗುಳ, ಕೊಡಲಿ ಮಾಡಿದ ಊರ ಕುಲುಮೆಯ ಬಗ್ಗೆ ಬರೆದವರು ಕಡಿಮೆ.

ಹೊರನೋಟಕ್ಕೆ ಅದು ಬಲು ಸರಳ. ಆಳವಿಲ್ಲದ ಗುಂಡಿ, ಪಕ್ಕದಲ್ಲಿ ಗಿಡ್ಡ ಮಣ್ಣಿನ ಗೋಡೆ, ಗೋಡೆಯ ಕಿಂಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆ, ಅದರ ಹಿಂದೆ ಮೇಕೆ ಚರ್ಮದ ಜೋಡಿ ತಿದಿ. ಒಂದು ತಿದಿ ಊದುವಾಗ ಇನ್ನೊಂದು ಗಾಳಿ ತುಂಬಿಕೊಳ್ಳುತ್ತದೆ, ಹಾಗಾಗಿ ಉಸಿರು ಕಡಿಯುವುದಿಲ್ಲ.

ಗಾಳಿ ಪಕ್ಕದಿಂದಲೇ ಏಕೆ? ಇದ್ದಿಲು ಹಗುರ. ಕೆಳಗಿನಿಂದ ಜೋರಾಗಿ ಊದಿದರೆ ಕಿಡಿಯಾಗಿ ಹಾರಿಹೋಗುತ್ತದೆ. ಬೂದಿ, ಕಿಟ್ಟಗಳೂ ಕೆಳಗಿನ ಕಿಂಡಿಗೇ ಇಳಿದು ಅದನ್ನು ಮುಚ್ಚುತ್ತವೆ. ಕಿಂಡಿಯನ್ನು ತಳದಿಂದ ಎರಡು ಮೂರು ಬೆರಳು ಮೇಲಿಟ್ಟರೆ ಕಸವೆಲ್ಲ ಕೆಳಗೆ ಕೂರುತ್ತದೆ, ಗಾಳಿಯ ದಾರಿ ತೆರೆದೇ ಇರುತ್ತದೆ. ಕಬ್ಬಿಣವನ್ನು ಕಿಂಡಿಯ ಬಾಯಿಗೇ ಹಿಡಿದರೆ ಗಾಳಿಯ ಆಮ್ಲಜನಕ ಅದನ್ನು ಸುಟ್ಟು ಸಿಪ್ಪೆ ಏಳಿಸುತ್ತದೆ. ತುಸು ಮೇಲೆ, ಕೆಂಡದ ನಡುವೆ ಇಟ್ಟರೆ ಅಷ್ಟರಲ್ಲಿ ಆಮ್ಲಜನಕದ ಬಹುಪಾಲು ಇದ್ದಿಲಿಗೇ ಖರ್ಚಾಗಿರುತ್ತದೆ. ಇದ್ದಿಲಿನಲ್ಲಿ ಗಂಧಕವೂ ತೀರ ಕಡಿಮೆ. ಕಲ್ಲಿದ್ದಲಿನ ಗಂಧಕ ಸೇರಿದ ಕಬ್ಬಿಣ ಕಾದಾಗ ಬಡಿದರೆ ಬಿರುಕು ಬಿಡುತ್ತದೆ. ಕಮ್ಮಾರನಿಗೆ ಈ ರಸಾಯನಶಾಸ್ತ್ರದ ಹೆಸರುಗಳು ಬೇಕಾಗಿರಲಿಲ್ಲ, ಕೆಂಡದ ಬಣ್ಣ ಸಾಕಿತ್ತು.

1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಾಗಡಿ ಕಡೆಯ ಕಬ್ಬಿಣ ಕೆಲಸವನ್ನು ವಿವರವಾಗಿ ಬರೆದಿಟ್ಟ. ಆಗ ಇದ್ದ ಆ ಉದ್ಯಮ ಮುಂದಿನ ನೂರು ವರ್ಷಗಳಲ್ಲಿ ಸೊರಗಿತು. ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂದರಿಗೆ ಬಂತು, ರೈಲು ಅದನ್ನು ಒಳನಾಡಿಗೂ ಮುಟ್ಟಿಸಿತು. ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ 1878ರ ಅರಣ್ಯ ಕಾಯ್ದೆ ಕಾಡಿನ ಮೇಲೆ ಸರ್ಕಾರದ ಹಿಡಿತವನ್ನು ಬಿಗಿಗೊಳಿಸಿತು. ಇದ್ದಿಲಿಗೆ ಕಾಡೇ ಮೂಲ.

ಇದ್ದಿಲು ಹಳೆಯ ಕಾಲದ್ದೆಂದು ತಳ್ಳಿಹಾಕುವವರು ಭದ್ರಾವತಿಯನ್ನು ನೆನೆಯಬೇಕು. 1923ರಲ್ಲಿ ಶುರುವಾದ ಅಲ್ಲಿನ ಊದುಕುಲುಮೆ ಉರಿದದ್ದು ಇದ್ದಿಲಿನಿಂದಲೇ, ಗಾಳಿ ನುಗ್ಗುತ್ತಿದ್ದದ್ದು ಪಕ್ಕದ ಕಿಂಡಿಗಳಿಂದಲೇ. ಸಂಸ್ಥಾನದ ಕಾರ್ಖಾನೆಗೆ ಕಾಡು ಸಿಕ್ಕಿತು. ಊರ ಕಮ್ಮಾರನಿಗೆ ಕೊರತೆಯಾದದ್ದು ಜಾಣ್ಮೆಯಲ್ಲ, ಇದ್ದಿಲು.

ದೆಹಲಿಯ ರಸ್ತೆ ಬದಿಯಲ್ಲಿ ಗಾಡಿಯಾ ಲೋಹಾರರು ಕೆಲಸ ಮಾಡುವುದನ್ನು ಕಂಡರೆ ಒಂದು ನಿಮಿಷ ನಿಲ್ಲಿ. ತಿದಿಯ ಜಾಗಕ್ಕೆ ಕೈಯಲ್ಲಿ ತಿರುಗಿಸುವ ಬ್ಲೋವರ್ ಬಂದಿರುತ್ತದೆ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿ.