ಕೊಟ್ಟವರು, ಕಾದವರು

ಕನ್ನಡನಾಡಿನ ಹಳ್ಳಿಗಳ ಇತಿಹಾಸವನ್ನು ಅರಿಯಬೇಕೆನ್ನುವವನು ಅರಮನೆಯ ಬಾಗಿಲಿಗೆ ಹೋಗುವ ಮೊದಲು ಕೆರೆಯ ಏರಿಯ ಮೇಲೆ ನಿಲ್ಲಬೇಕು. ತೂಬಿನ ಬಳಿಯಲ್ಲೋ ಕೋಡಿಯ ಪಕ್ಕದಲ್ಲೋ ಅರ್ಧ ಹೂತ ಒಂದು ಕಲ್ಲು ಅವನಿಗೆ ಸಿಕ್ಕೀತು. ಇಂಥವನು ಈ ಕೆರೆಯನ್ನು ಕಟ್ಟಿಸಿದನು, ಇದಕ್ಕಾಗಿ ಇಷ್ಟು ಮಣ್ಣನ್ನು ಬಿಟ್ಟನು, ಇದನ್ನು ಅಳಿದವನಿಗೆ ಇಂಥ ಪಾಪ ತಗಲುವುದು ಎಂದು ಆ ಕಲ್ಲು ಹೇಳುತ್ತದೆ. ಮೊದಲಲ್ಲಿ ಬರುವ ಅರಸರ ಬಿರುದುಗಳನ್ನು ಆಸಕ್ತಿಯಿಂದ ಓದಿ, ಉಳಿದ ಸಾಲುಗಳನ್ನು ದಾಟಿಹೋಗುವುದು ನಮ್ಮ ರೂಢಿ. ಆದರೆ ಹಳ್ಳಿ ಹೇಗೆ ಬದುಕಿತೆಂಬುದನ್ನು ತಿಳಿಸುವವು ಆ ಉಳಿದ ಸಾಲುಗಳೇ.

ನಮ್ಮ ಬಯಲುಸೀಮೆಯಲ್ಲಿ ಮಳೆ ಕೆಲವೇ ದಿನಗಳ ಅತಿಥಿ. ಬಂದ ನೀರನ್ನು ತಡೆದು ನಿಲ್ಲಿಸಿಕೊಂಡ ಊರು ಉಳಿಯಿತು. ನಿಲ್ಲಿಸಿಕೊಳ್ಳದ ಊರು ಗುಳೆ ಹೋಯಿತು. ಇಂದಿನ ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳನ್ನು ಲೆಕ್ಕ ಹಾಕಿದ್ದಾರೆ. ಇಷ್ಟೊಂದು ಕೆರೆಗಳನ್ನು ಅರಸರೇ ಕಟ್ಟಿಸಲಾರರು. ಗಾವುಂಡರು, ಸೆಟ್ಟಿಗಳು, ಸೇನಾನಿಗಳು, ಅಗ್ರಹಾರದ ಮಹಾಜನರು, ಸಿರಿವಂತ ಹೆಂಗಸರು ತಮ್ಮ ತಮ್ಮ ಊರಿನ ತಗ್ಗಿಗೆ ಅಡ್ಡಲಾಗಿ ಮಣ್ಣು ಹಾಕಿಸಿದರು. ಇಂದು ಬೆಂಗಳೂರಿನೊಳಗೆ ಸೇರಿಹೋಗಿರುವ ಅಗರದಲ್ಲಿ ಒಂಬತ್ತನೆಯ ಶತಮಾನದ ಗಂಗರ ಕಾಲದ ಶಾಸನವೊಂದಿದೆ. ಎರಡು ಕೆರೆಗಳಿಗೆ ತೂಬನ್ನು ಇಡಿಸಿ, ಮೂಡಣ ದಿಕ್ಕಿನಲ್ಲಿ ಇನ್ನೊಂದು ಕೆರೆಯನ್ನು ಕಟ್ಟಿಸಿದ ಸ್ಥಳೀಯ ಪ್ರಮುಖನೊಬ್ಬನು ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದನೆಂದು ಅದು ಹೇಳುತ್ತದೆ.

ಬಿತ್ತುವಟ್ಟ ಎಂಬ ಈ ಮಾತಿನ ಬಳಿ ನಾವು ಸ್ವಲ್ಪ ನಿಲ್ಲಬೇಕು. ಕೆರೆಯನ್ನು ಕಟ್ಟಿಸಿದವನಿಗೆ, ಇಲ್ಲವೇ ಅದನ್ನು ನೋಡಿಕೊಳ್ಳುವವನಿಗೆ, ಆ ಕೆರೆಯ ನೀರುಂಡ ನೆಲದಲ್ಲಿ ಸಲ್ಲುತ್ತಿದ್ದ ಪಾಲು ಅದು. ಇದರ ಜೊತೆಗೆ ಕೊಡಗೆಯೂ ದಶವಂದವೂ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯ ಕೆಲಸಕ್ಕೆಂದು ತೆರಿಗೆಯಿಲ್ಲದೆ ಬಿಟ್ಟ ಭೂಮಿ ಕೊಡಗೆ. ಹತ್ತರಲ್ಲಿ ಒಂದು ಪಾಲು ದಶವಂದ. ಹೂಳೆತ್ತುವ ಬಂಡಿಗೂ ಅದನ್ನು ನಡೆಸುವ ಆಳಿಗೂ ದತ್ತಿ ಬಿಟ್ಟ ನಿದರ್ಶನಗಳಿವೆ. ಕೆರೆ ತುಂಬಿದರೆ ಪಾಲು ಬೆಳೆಯುತ್ತಿತ್ತು, ಏರಿ ಒಡೆದರೆ ಪಾಲೂ ಕೊಚ್ಚಿಹೋಗುತ್ತಿತ್ತು. ಕಾಯುವವನ ಅನ್ನವನ್ನು ಕೆರೆಯ ನೀರಿಗೇ ಕಟ್ಟಿಹಾಕಿದ ಈ ವ್ಯವಸ್ಥೆಯಲ್ಲಿ ಪುಣ್ಯದ ಆಸೆಯೂ ಇತ್ತು, ಒಕ್ಕಲಿಗನ ವ್ಯವಹಾರಜ್ಞಾನವೂ ಇತ್ತು.

ದತ್ತಿಯ ಈ ಕಟ್ಟು ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಆತಕೂರಿನ ಶಾಸನ ಒಳ್ಳೆಯ ಸಾಕ್ಷಿ. ಈ ಊರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಲ 949–50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗನು ಬೇಕಾದುದನ್ನು ಬೇಡೆಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಹಂದಿಯೊಡನೆ ಕಾದಿ, ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿದರು. ಇಷ್ಟು ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಅದರ ಮುಂದಿನ ಮಾತನ್ನು ಗಮನಿಸಿದವರು ಕಡಿಮೆ. ಕಲ್ಲಿಗಾಗಿ ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಕೊಟ್ಟರು. ನಾಡನ್ನು ಆಳುವವನೇ ಆಗಲಿ, ಊರನ್ನು ಆಳುವವನೇ ಆಗಲಿ, ಆ ಮಣ್ಣನ್ನು ಅಳಿದರೆ ನಾಯಿಯ ಪಾಪ ಅವನಿಗೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೂ ಅದೇ ಪಾಪ. ಮೇಲಿನ ಅಧಿಕಾರಿಯನ್ನೂ ದತ್ತಿಯನ್ನು ಉಣ್ಣುವವನನ್ನೂ ಆ ಶಾಸನ ಒಂದೇ ಹಗ್ಗದಿಂದ ಕಟ್ಟಿತು. ಕೆಲಸ ಮಾಡದೆ ದತ್ತಿಯನ್ನು ಉಣ್ಣುವುದು ಕದಿಯುವುದಕ್ಕೆ ಸಮವೆಂಬ ತಿಳಿವಳಿಕೆ ಹತ್ತನೆಯ ಶತಮಾನದ ಒಂದು ಹಳ್ಳಿಯಲ್ಲಿತ್ತು.

ಕೊಡುವುದಕ್ಕಿಂತ, ಕೊಟ್ಟದ್ದನ್ನು ಕಾಯುವುದೇ ಮೇಲೆಂದು ನಮ್ಮ ದಾನಶಾಸನಗಳ ಕೊನೆಯ ಶ್ಲೋಕಗಳು ಸಾರುತ್ತವೆ. ಕೆರೆಯ ವಿಷಯದಲ್ಲಿ ಇದು ಕಣ್ಣಿಗೆ ಕಾಣುವ ಸತ್ಯ. ಕಟ್ಟುವುದು ಒಂದು ಸಲದ ಸಾಹಸ. ಹೂಳು ಬರುವುದು ಪ್ರತಿ ಮಳೆಗಾಲದಲ್ಲಿ. ಏರಿಯ ಮೇಲೆ ಬೇರು ಬಿಡುವ ಗಿಡವನ್ನು ಕೀಳಬೇಕು, ಬಿಲವನ್ನು ಮುಚ್ಚಬೇಕು, ತೂಬನ್ನು ತೆರೆದು ಮುಚ್ಚಬೇಕು, ಕೊನೆಯ ಗದ್ದೆಯವನಿಗೂ ನೀರು ಮುಟ್ಟಿಸಬೇಕು. ಈ ಕೆಲಸಗಳನ್ನು ಮಾಡಿದ ನೀರುಗಂಟಿಯ ಹೆಸರು ಯಾವ ಕಲ್ಲಿನ ಮೇಲೂ ಸುಲಭವಾಗಿ ಸಿಗದು.

ಹಾಗೆಂದು ಹಳೆಯ ಹಳ್ಳಿಯನ್ನು ಸ್ವರ್ಗವೆಂದು ಭಾವಿಸಬೇಕಾಗಿಲ್ಲ. ದತ್ತಿಯ ಕೀರ್ತಿ ಕೊಟ್ಟವನದು, ಮಣ್ಣು ಹೊತ್ತ ಬೆನ್ನು ಬೇರೆಯವರದು. ಕೆರೆಯ ನೀರನ್ನು ಮುಟ್ಟುವ ಹಕ್ಕೂ ಎಲ್ಲ ಜಾತಿಯವರಿಗೂ ಸಮನಾಗಿರಲಿಲ್ಲ. ‘ಕೆರೆಗೆ ಹಾರ’ ಎಂಬ ನಮ್ಮ ಜನಪದ ಕಥನಗೀತೆ ಇದಕ್ಕಿಂತ ಕಠೋರವಾದುದನ್ನು ಹೇಳುತ್ತದೆ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲೆಂದು ಆಹುತಿಯಾದವಳು ಮನೆಯ ಕಿರಿಯ ಸೊಸೆ ಭಾಗೀರಥಿ. ಊರಿನ ಒಳಿತಿಗೆ ಯಾರು ಕೊಡುತ್ತಾರೆ, ಯಾರಿಂದ ಕಿತ್ತುಕೊಳ್ಳಲಾಗುತ್ತದೆ ಎಂಬ ಪ್ರಶ್ನೆಯನ್ನು ಹಳ್ಳಿಯ ಹೆಂಗಸರು ಹಾಡಿನಲ್ಲಿ ಉಳಿಸಿಕೊಂಡು ಬಂದರು.

ಕಾಲ ಬದಲಾಯಿತು. ಕೆರೆಗಳು ಸರ್ಕಾರದ ಇಲಾಖೆಗಳ ಪಾಲಿಗೆ ಬಂದವು. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಗೊಳಿಸಿತು. ಸೇವೆಗೆಂದು ಬಿಟ್ಟಿದ್ದ ಭೂಮಿಯನ್ನು ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡಲು ಅವಕಾಶವಾಯಿತು. ಹುಟ್ಟಿನಿಂದ ಅಂಟಿದ ಚಾಕರಿಯ ಬಂಧನ ಹರಿದುದು ನ್ಯಾಯವೇ. ಆದರೆ ಅದರೊಡನೆ ನೆಲಕ್ಕೂ ಕೆರೆಗೂ ಇದ್ದ ಗಂಟೂ ಬಿಚ್ಚಿಕೊಂಡಿತು, ಅದರ ಜಾಗಕ್ಕೆ ಬೇರೆ ಗಂಟು ಬೀಳಲಿಲ್ಲ. ಆಮೇಲೆ ಕೊಳವೆಬಾವಿ ಬಂದಿತು. ತನ್ನ ಹೊಲದಲ್ಲೇ ನೀರು ಕಂಡವನು ಏರಿಯ ಕಡೆಗೆ ತಿರುಗಿ ನೋಡುವುದನ್ನು ಬಿಟ್ಟನು. ಆ ಕೊಳವೆಬಾವಿಗೆ ನೀರೂಡುವುದು ಕೆರೆಯ ಒಡಲಿನಲ್ಲಿ ಇಂಗಿದ ನೀರೆಂಬುದು ಬಾವಿ ಬತ್ತಿದ ಮೇಲೆ ತಿಳಿಯಿತು.

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಆರಂಭವಾದ ಕೆರೆ ಯೋಜನೆ, ಬಳಕೆದಾರರ ಸಂಘಗಳನ್ನು ಕಟ್ಟಿ, ಊರವರೂ ವಂತಿಗೆ ಕೊಡಬೇಕೆಂಬ ನಿಯಮವನ್ನು ತಂದಿತು. ಹಳೆಯ ದಶವಂದದ ಒಂದು ನೆರಳನ್ನು ನಾವು ಇದರಲ್ಲಿ ಕಾಣಬಹುದು. ತಾನೂ ಕೊಟ್ಟಿದ್ದೇನೆಂಬ ಭಾವ ಇದ್ದಲ್ಲಿ, ಮುಂದಿನ ವರ್ಷ ಏರಿ ಬಿರಿದಾಗ ಯಾರದೋ ಅರ್ಜಿಗಾಗಿ ಕಾಯದೆ ಗುದ್ದಲಿ ಹಿಡಿಯುವ ಕೈಗಳು ಇರುತ್ತವೆ. ಹೊರಗಿನಿಂದ ಬಂದ ಹಣ ಎಷ್ಟೇ ದೊಡ್ಡದಾದರೂ ಆ ಕೈಗಳನ್ನು ಕೊಂಡು ತರಲಾರದು.

ಇಂದು ತಮ್ಮೂರಿಗೆ ಏನನ್ನಾದರೂ ಮಾಡಬೇಕೆಂಬ ಹಂಬಲ ಪಟ್ಟಣ ಸೇರಿದ ಅನೇಕರಲ್ಲಿದೆ. ಅವರು ಶಾಲೆಗೆ ಕೋಣೆ ಕಟ್ಟಿಸುತ್ತಾರೆ, ಗುಡಿಗೆ ಗೋಪುರ ಎತ್ತಿಸುತ್ತಾರೆ, ಹೆಸರಿನ ಫಲಕವನ್ನೂ ಹಾಕಿಸುತ್ತಾರೆ. ಒಳ್ಳೆಯದೇ. ಫಲಕ ಬರೆಸುವ ಮುನ್ನ ಅವರು ಆತಕೂರಿನ ಕಲ್ಲನ್ನೊಮ್ಮೆ ನೆನೆಯಲಿ. ಕೋಣೆಯ ಸೂರು ಸೋರಿದಾಗ ಹೆಂಚು ಹೊದಿಸುವವರು ಯಾರು, ಅವರ ಅನ್ನಕ್ಕೆ ಯಾವ ಎರಡು ಖಂಡುಗ ಮಣ್ಣು ಎಂಬುದನ್ನೂ ಅದೇ ಫಲಕದಲ್ಲಿ ಬರೆಸಲಿ.